ಬಾಗಾಯತದಾರ ಮಲಕಾರಿಯ ಜ್ವರ

ಕರೋಶಿಯ ಸಾವಕ್ಕನಿಗೆ ಮರಾಠಿ ಬರುತ್ತದೆ ಎಂಬುದು ಊರಿಗೆ ಗೊತ್ತಾದದ್ದು ಅವಳಿಗೆ ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳದೆ ಹೇಳುವ ಚಟ ಅವಳಿಗೂ ಇರಲಿಲ್ಲ.

ಅವಳು ಮಂಗಸೂಳಿಯ ಕುರಿಗಾರರ ಮಗಳು. ನಡೆಯಲು ಕಲಿತ ದಿನದಿಂದ ಕುರಿಯ ಹಿಂದೆಯೇ ನಡೆದವಳು. ದೀಪಾವಳಿ ಮುಗಿದರೆ ಅವರ ಹಿಂಡು ಗಡಿ ದಾಟಿ ಸಾಂಗಲಿಯ ಕಡೆ ಹೊರಡುತ್ತಿತ್ತು. ಅಲ್ಲಿಯ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸುವುದು, ಅದಕ್ಕೆ ಅವರು ಜೋಳ ಅಳೆದು ಕೊಡುವುದು ಹಳೆಯ ಪದ್ಧತಿ. ಗಂಡಸರು ಹಿಂಡಿನ ಜೊತೆ ಹಿಂದೆ ಉಳಿಯುತ್ತಿದ್ದರು. ತಟ್ಟುಕುದುರೆಯ ಮೇಲೆ ಗಂಟುಮೂಟೆ ಹೇರಿಕೊಂಡು ಮುಂದೆ ಹೋಗಿ, ರೈತನ ಬಾಗಿಲಲ್ಲಿ ನಿಂತು ಮಾತು ಕುದುರಿಸುವುದು ಹೆಂಗಸರ ಪಾಲು. ಹೀಗೆ ಸಾವಕ್ಕ ಕಲಿತ ಮರಾಠಿಯಲ್ಲಿ ವ್ಯಾಕರಣ ಕಡಿಮೆ, ಧೈರ್ಯ ಜಾಸ್ತಿ. ಸಾಂಗಲಿಯ ಕಡೆ ಅವಳೊಡನೆ ಚೌಕಾಸಿಗಿಳಿದ ರೈತರು ಕೊನೆಗೆ ಒಳಗಿನಿಂದ ಹೆಂಡತಿಯನ್ನು ಕರೆಯುತ್ತಿದ್ದರಂತೆ.

ಗಂಡ ಮಲಕಾರಿ ಇದಕ್ಕೆ ತದ್ವಿರುದ್ಧ. ನೂರಿಪ್ಪತ್ತು ಕುರಿ, ಹದಿನೆಂಟು ಆಡು, ಎಲ್ಲದರೊಂದಿಗೂ ಸಿಳ್ಳೆಯಲ್ಲಿ ಮಾತನಾಡುತ್ತಿದ್ದ. ಮನುಷ್ಯರಿಗೆ ‘ಹೂಂ’ ಒಂದನ್ನೇ ಇಟ್ಟುಕೊಂಡಿದ್ದ. ಆ ‘ಹೂಂ’ ಒಪ್ಪಿಗೆಯೋ, ನಿರಾಕರಣೆಯೋ, ಬರೀ ಉಸಿರೋ ಎಂದು ಗೊತ್ತಿದ್ದದ್ದು ಸಾವಕ್ಕನಿಗೆ ಮತ್ತು ಅವನ ತಾಯಿ ದುಂಡವ್ವನಿಗೆ ಮಾತ್ರ.

ಎಂಬತ್ತೇಳನೆಯ ಇಸವಿಯ ಯುಗಾದಿಯಾದ ಮೇಲೆ ಮಲಕಾರಿಗೆ ಜ್ವರ ಬಂತು. ಸಂಜೆ ಚಳಿ ಹತ್ತಿ ಮೈ ಕಾಯುವುದು, ಬೆಳಗಾಗುವಷ್ಟರಲ್ಲಿ ಹಾಸಿದ ಕಂಬಳಿ ತೊಯ್ಯುವಂತೆ ಬೆವರಿ ಇಳಿಯುವುದು. ನಾಲ್ಕು ದಿನ ಬಿಟ್ಟಂತೆ ಮಾಡಿ ಐದನೆಯ ದಿನ ಮತ್ತೆ ಹಾಜರು. ಜೊತೆಗೆ ಸೊಂಟ ನೋವು, ಮೊಣಕಾಲು ನೋವು. ಹಿಂಡಿನ ಹಿಂದೆ ದಿನಕ್ಕೆ ಹತ್ತು ಮೈಲಿ ನಡೆಯುತ್ತಿದ್ದವನು ಮನೆಯ ಮುಂದಿನ ಬೇವಿನ ಗಿಡದಿಂದ ಬಾಗಿಲಿಗೆ ಬರಲು ಎರಡು ಸಲ ಕುಳಿತೇಳತೊಡಗಿದ.

ಕರೋಶಿಯಲ್ಲಿ ಯಾರ ಜ್ವರವಾದರೂ ಮೂರು ದಿನ ದಾಟಿದರೆ ಸುದ್ದಿ ಬಾಳಾಸಾಬರಿಗೆ ಹೋಗುತ್ತಿತ್ತು.

ಬಾಳಾಸಾಬರು ಡಾಕ್ಟರಲ್ಲ. ಹನ್ನೆರಡು ಎಕರೆ ಕಬ್ಬು, ಸಕ್ಕರೆ ಕಾರ್ಖಾನೆಯ ಶೇರು, ಎದೆಯ ಕಿಸೆಯಲ್ಲಿ ಎರಡು ಪೆನ್ನು ಇದ್ದ ಗೃಹಸ್ಥರು. ಎಪ್ಪತ್ನಾಲ್ಕರಲ್ಲಿ ಅವರ ಅಪೆಂಡಿಕ್ಸ್ ಬಾತು, ಮಿರಜಿಗೆ ಒಯ್ದು ತೆಗೆಸಿದ್ದರು. ಒಂಬತ್ತು ದಿನ ವಾರ್ಡಿನಲ್ಲಿ ಮಲಗಿದ್ದರು. ಹತ್ತನೆಯ ದಿನ ಊರಿಗೆ ಬಂದ ಬಾಳಾಸಾಬರು ಬೇರೆಯೇ ಬಾಳಾಸಾಬರು. ಹೋದದ್ದು ಪೇಶಂಟು, ಬಂದದ್ದು ಅರ್ಧ ಡಾಕ್ಟರು. ಎಲುಬಿಗೆ ಯಾರು, ಪಿತ್ತಕ್ಕೆ ಯಾರು, ಚೀಟಿ ಮಾಡಿಸುವ ಕಿಂಡಿ ಎಷ್ಟಕ್ಕೆ ತೆರೆಯುತ್ತದೆ, ಯಾವ ಕಂಪೌಂಡರನಿಗೆ ಕರದಂಟು ಇಷ್ಟ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಊರಿನ ಯಾರಿಗೆ ಏನಾದರೂ ತಾವೇ ಕರೆದುಕೊಂಡು ಹೋಗುತ್ತಿದ್ದರು. ಸುಳ್ಳು ಹೇಳಬಾರದು, ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಬಸುರಿಯರನ್ನು, ಹಾವು ಕಚ್ಚಿದವರನ್ನು ಹೊತ್ತುಕೊಂಡು ಓಡಿದ್ದಾರೆ. ಅವರು ಕೇಳುತ್ತಿದ್ದದ್ದು ಒಂದೇ: ಡಾಕ್ಟರ ಮುಂದೆ ಪೇಶಂಟು ಬಾಯಿ ತೆಗೆಯಬಾರದು.

“ಡಾಕ್ಟರ ಅಂದ್ರ ಟಾಯಿಮ ಇಲ್ಲದ ಮನಷ್ಯಾ, ಮಲಕಾರಿ,” ಎಂದು ಮೊದಲೇ ತಾಕೀತು ಮಾಡಿದರು. “ನೀ ಬಾಯಿ ತಗದ್ರ ನಿನ್ನ ಆಡ ಈದಿದ್ದೂ ಹೇಳ್ತಿ. ನಾ ಎರಡ ಮಾತಿನ್ಯಾಗ ಮುಗಸ್ತೀನಿ.”

“ಹೂಂ,” ಎಂದ ಮಲಕಾರಿ.

ಇನ್ನೊಂದು ಪದ್ಧತಿಯೂ ಇತ್ತು. ದೊಡ್ಡ ಆಸ್ಪತ್ರೆಗೆ ಹೋಗುವವರು ದೊಡ್ಡವರಂತೆ ಕಾಣಬೇಕು. ಮಲಕಾರಿಗೆ ಕೆಂಪು ಸಾಬೂನು ಹಚ್ಚಿ ಎರಡು ಸಲ ಜಳಕ ಮಾಡಿಸಿದರು. ಅವನ ಕಂಬಳಿ, ರುಮಾಲು ಮನೆಯಲ್ಲೇ ಉಳಿದವು. ಬಾಳಾಸಾಬರ ಇಸ್ತ್ರಿ ಧೋತರ, ಅವರದೇ ಗಾಂಧಿ ಟೊಪ್ಪಿಗೆ ಅವನ ಮೈಮೇಲೆ ಬಂದವು.

ದುಂಡವ್ವ ಹೊಸ್ತಿಲ ಮೇಲೆ ಕುಳಿತು ನೋಡಿದಳು. “ಯಪ್ಪಾ, ಇದೇನೋ ಇದು? ನನ್ನ ಮಗಾ ಇಲೆಕ್ಷನಕ್ಕ ನಿಂತಾನೇನ?”

“ನಗಬ್ಯಾಡ ಆಯೀ, ಕುರಿ ವಾಸನಿ ಬಂದ್ರ ಡಾಕ್ಟರ ನಾಡಿ ಹಿಡಿಯಾಕ ಹೇಸತಾರ,” ಎಂದರು ಬಾಳಾಸಾಬರು.

ಚಿಕ್ಕೋಡಿಯ ಡಾಕ್ಟರು ಟೈಫಾಯಿಡ್ ಎಂದರು. ಹದಿನಾಲ್ಕು ದಿನ ಗುಳಿಗೆ, ಗಂಜಿ. ಜ್ವರ ಇಳಿಯಿತು, ಗಂಜಿ ಬಿಟ್ಟ ಮರುವಾರ ಏರಿತು. ನಿಪ್ಪಾಣಿಯ ಡಾಕ್ಟರು ಮಲೇರಿಯಾ ಎಂದು ಕಹಿ ಗುಳಿಗೆ ಕೊಟ್ಟರು. ಮಲಕಾರಿಯ ಕಿವಿಯಲ್ಲಿ ಎಂಟು ದಿನ ಗುಂಯ್ ಎಂದಿತು; ಜ್ವರ ತನ್ನ ಪಾಡಿಗೆ ತಾನಿತ್ತು. ಆಗ ಬಾಳಾಸಾಬರು ಎರಡೂ ಪೆನ್ನುಗಳನ್ನು ಸರಿಮಾಡಿಕೊಂಡು, “ಇದು ಮಿರಜೀ ಕೇಸ ಐತಿ. ನಾ ಮೊದಲ ಹೇಳಬೇಕ ಅಂತಿದ್ನಿ,” ಎಂದರು.

ಮಿರಜಿನ ಆಸ್ಪತ್ರೆಯಲ್ಲಿ ಸಾವಕ್ಕನನ್ನು ವರಾಂಡದ ಬೆಂಚಿನ ಮೇಲೆ ಚೀಲ ಕಾಯಲು ಕೂಡಿಸಿ ಗಂಡಸರಿಬ್ಬರೂ ಒಳಗೆ ಹೋದರು. ಡಾಕ್ಟರು ಪುಣೆಯ ಕಡೆಯವರು, ಕನ್ನಡ ಬಾರದು. ತಾಳ್ಮೆಯ ಮನುಷ್ಯ. ಮಲಕಾರಿಯ ಮುಖ ನೋಡುತ್ತಲೇ ಊಟ ಹೇಗಿದೆ, ನಿದ್ದೆ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲಕ್ಕೂ ಬಾಳಾಸಾಬರೇ ಉತ್ತರ ಕೊಟ್ಟರು, ಅದೂ ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಳ್ಳುತ್ತ. ನಾಲಿಗೆ ತೋರಿಸು ಎಂದಾಗ ಮಲಕಾರಿ ಮೊದಲು ಬಾಳಾಸಾಬರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ನಾಲಿಗೆ ಚಾಚಿದ.

ಉದ್ಯೋಗವೇನು ಎಂದು ಡಾಕ್ಟರು ಕೇಳಿದರು.

“ಬಾಗಾಯತದಾರ ಹಾಯ್, ಸಾಹೇಬ,” ಎಂದರು ಬಾಳಾಸಾಬರು. ನೀರಾವರಿ ಹೊಲದ ಧಣಿ, ಕಾರ್ಖಾನೆಗೆ ಕಬ್ಬು ಹಾಕುವ ಆಸಾಮಿ ಎಂದು ವಿವರಿಸಿದರು.

ಡಾಕ್ಟರು ಅದನ್ನು ಬರೆದುಕೊಂಡರು. ಮಲಕಾರಿಗೂ ಕಬ್ಬಿಗೂ ಇದ್ದ ಸಂಬಂಧ ಇಷ್ಟೇ: ಎರಡು ವರ್ಷದ ಹಿಂದೆ ಅವನ ಆಡುಗಳು ಬೇಡಕಿಹಾಳದ ಯಾರದೋ ಕಬ್ಬಿಗೆ ನುಗ್ಗಿ, ಪಂಚರು ಸೇರಿ ಅವನನ್ನು ಅರ್ಧ ದಿನ ಚಾವಡಿಯಲ್ಲಿ ನಿಲ್ಲಿಸಿದ್ದರು.

ಎದೆಯ ಫೋಟೋ ತೆಗೆಸಿದರು. ಮೂವತ್ತು ವರ್ಷ ಬೀಡಿ ಸೇದಿದ ಎದೆಯಲ್ಲಿ ಒಂದು ಮಸುಕು ಕಲೆ ಕಂಡಿತು. ಸಂಜೆ ಜ್ವರ, ಬೆವರು, ಸೊರಗಿದ ಮೈ, ಎದೆಯ ಕಲೆ. ಟಿ.ಬಿ. ಇರಬಹುದು ಎಂದು ಡಾಕ್ಟರು ಎರಡು ತಿಂಗಳು ದಿನಕ್ಕೊಂದು ಇಂಜಕ್ಷನ್, ಗುಳಿಗೆ, ಆಮೇಲೆ ವರ್ಷವಿಡೀ ಬರೀ ಗುಳಿಗೆ ಬರೆದುಕೊಟ್ಟರು. ಅವರ ಮುಂದಿದ್ದ ಕಬ್ಬಿನ ಧಣಿಗೆ ಅದು ಸರಿಯಾದ ವಿಚಾರವೇ ಆಗಿತ್ತು.

ತಿರುಗಿ ಬರುವಾಗ ಕಾಗವಾಡ ದಾಟಿದ ಮೇಲೆ ಮಲಕಾರಿ ಆ ದಿನದ ಒಂದೇ ಮಾತು ಆಡಿದ. “ನಾ ಎಲ್ಲಿ ಬಾಗಾಯತದಾರರಿ?”

“ಕುರ್ಚಿ ಕೊಟ್ರೋ ಇಲ್ಲೋ? ಕುರಿ ಕಾಯಾಂವ ಅಂದಿದ್ರ ನಿಂದರಿಸಿ ನೋಡತಿದ್ರು. ನಿನ್ನ ಮರ್ಯಾದಿ ಸಲವಾಗಿ ನಾ ಸುಳ್ಳ ಹೇಳಿದ್ನಿ, ಮತ್ತ ನನ್ನ ಕೇಳ್ತಿ!”

ಆ ಮಾತಿನಲ್ಲಿ ಕಪಟವಿರಲಿಲ್ಲ. ಮಲಕಾರಿಗೆ ಕುರ್ಚಿ ಸಿಕ್ಕಿದ್ದು ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಮುಂದಿನದು ಕೇಳಿ. ಇಂಜಕ್ಷನ್ ಶುರುವಾದ ಹದಿನೈದೇ ದಿನಕ್ಕೆ ಜ್ವರ ಬಿಟ್ಟಿತು! ಬಾಳಾಸಾಬರು ಊರೆಲ್ಲ ಒಂದು ಸುತ್ತು ಹಾಕಿದರು. ಚಹಾದಂಗಡಿಯಲ್ಲಿ ಕುಳಿತು ಶ್ವಾಸಕೋಶದ ಚಿತ್ರವನ್ನು ಬೆರಳಿನಿಂದ ಟೇಬಲ್ಲಿನ ಮೇಲೆ ಚಹಾದಲ್ಲೇ ಬರೆದು ತೋರಿಸಿದರು. ಔಷಧದ ಜೊತೆಗೆ ತಮ್ಮ ಕಡೆಯಿಂದಲೂ ಒಂದು ಸಲಹೆ ಸೇರಿಸಿದರು: “ಟಿ.ಬಿ.ಗೆ ಆಡಿನ ಹಾಲಿನಂಥಾ ದವಾ ಇಲ್ಲ. ಆದ್ರ ಕಾಸಬ್ಯಾಡ್ರಿ, ಕಾಸಿದ್ರ ಸತ್ವ ಹೋಗತೈತಿ. ಕೆಚ್ಚಲದಿಂದ ಸೀದಾ ತಂಬಿಗಿ, ತಂಬಿಗಿಯಿಂದ ಸೀದಾ ಬಾಯಿ.” ದುಂಡವ್ವನಿಗೆ ಅವರು ಹೇಳಿದ್ದರಲ್ಲಿ ಒಪ್ಪಿಗೆಯಾದದ್ದು ಇದೊಂದೇ. ಮಲಕಾರಿ ಮುಂಜಾನೆ ಸಂಜೆ ಒಂದೊಂದು ತಂಬಿಗೆ ಹಸಿ ಹಾಲು ಕುಡಿಯತೊಡಗಿದ.

ತನ್ನ ರೋಗ ಇಬ್ಬರು ಹೆಣ್ಣುಮಕ್ಕಳಿಗೆ ತಗಲಬಾರದೆಂದು ಅವನು ಮನೆಯೊಳಗೆ ಮಲಗುವುದನ್ನೂ ಬಿಟ್ಟ. ಕಂಬಳಿ ಹೊತ್ತುಕೊಂಡು ಆಡಿನ ಕೊಟ್ಟಿಗೆಗೆ ಹೋದ. ಮರಿಗಳ ನಡುವೆ ಮಲಗಿದ. ಯಾವ ಆಡಿಗೆ ನೋವು ಬಂದರೂ ಕೈಯಳತೆಯಲ್ಲೇ ಇದ್ದ.

ಎರಡು ತಿಂಗಳಿಗೆ ಇಂಜಕ್ಷನ್ ಮುಗಿದು ಬರೀ ಗುಳಿಗೆ ಉಳಿದವು. ಒಂದು ತಿಂಗಳು ಹೋಗಿರಲಿಲ್ಲ, ಜ್ವರ ಮತ್ತೆ ಬಂತು. ಈ ಸಲ ಸೊಂಟವನ್ನು ಹಿಡಿದುಕೊಂಡೇ ಬಂತು. ಬೇವಿನ ಗಿಡದವರೆಗೆ ಹೋಗಲೂ ಕೋಲು ಬೇಕಾಯಿತು.

ಬಾಳಾಸಾಬರು ಹಿಂದೆ ಸರಿಯುವವರಲ್ಲ. ಬಂದು ಕಟ್ಟೆಯ ಮೇಲೆ ಕುಳಿತರು. “ಮುಂಬೈಗೆ ಹೋಗೂಣು. ಅಲ್ಲಿ ಬರೇ ಎದಿ ನೋಡೂ ದವಾಖಾನೀ ಅದಾವ. ಆದ್ರ ಸಾವಕ್ಕ, ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ. ಇಂವ ಇನ್ನ ಕುರಿ ಹಿಂದ ಅಡ್ಡಾಡೂದಿಲ್ಲ. ಹಿಂಡ ಮಾರಿಬಿಡ್ರಿ. ರಾಯಬಾಗದಾಗ ಒಬ್ಬ ಗಿರಾಕಿ ಅದಾನ, ದಸರಾ ಆದಮ್ಯಾಲ ಬರತಾನ.”

ಕೊಟ್ಟಿಗೆಯಲ್ಲಿ ಮಲಗಿದ್ದ ಮಲಕಾರಿ ‘ಹೂಂ’ ಎಂದ. ಬಾಳಾಸಾಬರು ಅದನ್ನು ಒಪ್ಪಿಗೆ ಎಂದುಕೊಂಡರು. ಸಾವಕ್ಕನಿಗೆ ಮಾತ್ರ ಆ ಹೂಂ ಗೊತ್ತಿತ್ತು. ಮುದಿ ಟಗರನ್ನು ಕಟುಕನಿಗೆ ಕೊಡುವಾಗ ಅವನು ಹಾಕುತ್ತಿದ್ದ ಹೂಂ ಅದು. ಗಂಡ ಎದ್ದು ನಡೆಯುವುದಿಲ್ಲ ಎಂಬುದನ್ನು ಇನ್ನೂ ಯಾವ ಡಾಕ್ಟರೂ ಹೇಳಿರಲಿಲ್ಲ. ಅವನೇ ತೀರ್ಮಾನ ಮಾಡಿಕೊಂಡಿದ್ದ. ದಸರೆಗೆ ಹನ್ನೊಂದು ದಿನ ಉಳಿದಿತ್ತು.

ಆ ವಾರವೇ ಮೂರನೆಯ ಆಡು ದಿನ ತುಂಬುವ ಮೊದಲು ಸತ್ತ ಮರಿ ಹಾಕಿತು; ಅದಕ್ಕೆ ಮೊದಲೂ ಎರಡು ಆಡು ಹೀಗೇ ಕಂದು ಹಾಕಿದ್ದವು. ಮಲಕಾರಿ ತೆವಳಿಕೊಂಡು ಹೋಗಿ ಬರಿಗೈಯಲ್ಲಿ ಅದನ್ನು ಎಳೆದು ತೆಗೆದ. ಸಾವಕ್ಕ ಚಿಕ್ಕೋಡಿಗೆ ಹೇಳಿ ಕಳಿಸಿದಳು. ಮರುದಿನ ದನದ ಡಾಕ್ಟರು ಲೂನಾದ ಮೇಲೆ ಬಂದರು.

ನೇಮಿನಾಥ ಅಂತ ಹೆಸರು. ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ಮನುಷ್ಯರೊಡನೆ ಬಿರುಸು, ದನಕರುಗಳೊಡನೆ ಬಹಳ ನಯ. ಸಾವಕ್ಕ ಕೊಟ್ಟ ನೀರಿನ ಕಡೆ ನೋಡದೆ ಸೀದಾ ಆಡಿನ ಹತ್ತಿರ ಹೋದರು, ಅದರ ಕಿವಿ ಸವರಿದರು, ಆಮೇಲೆ ಪ್ರಶ್ನೆ ಶುರುವಿಟ್ಟರು.

“ಇದು ಎಷ್ಟನೇ ಸೂಲು? ಈ ಆಡ ನಿಮ್ಮಲ್ಲೇ ಹುಟ್ಟೀತೋ, ಕೊಂಡ ತಂದೀರೋ?”

“ಹ್ವಾದ ವರ್ಷ ಅಥಣೀ ಕಡೆಯಿಂದ ತಂದಿದ್ದರಿ. ಆರ ಆಡ.”

“ಮೊದಲ ಕಂದ ಹಾಕಿದ್ದು ಅವುಗಳ ಪೈಕಿದೋ, ಹಳೇದೋ?”

“ಅವುಗಳ ಪೈಕಿದರಿ.”

“ಎಷ್ಟ ತಿಂಗಳಿಗೆ? ಎಲ್ಲಿ ನೀರ ಕುಡಿತಾವು? ಎಲ್ಲಿ ಮಲಗತಾವು? ಮಗ್ಗಲಾಗ ಯಾವ ಆಡ ಮಲಗತಾವು? ಬಿದ್ದ ಮರಿ ಎಲ್ಲಿ ಒಗದ್ರಿ?”

ಹೀಗೇ ಇಪ್ಪತ್ತು ಪ್ರಶ್ನೆ. ಸಾವಕ್ಕ ಉತ್ತರ ಕೊಡುತ್ತ ಹೋದಂತೆ ಅವಳ ಮುಖ ಬೇರೆಯಾಗತೊಡಗಿತು. ಆಡಿನ ರಕ್ತ ತೆಗೆದು ಸೀಸೆಯಲ್ಲಿ ತುಂಬಿ ಡಾಕ್ಟರು ಏಳುವಾಗ ಅವಳು ದಾರಿಗೆ ಅಡ್ಡ ನಿಂತಳು.

“ಸಾಹೇಬರ, ಇನ್ನೊಂದ ಜೀವ ಐತ್ರಿ ನೋಡೂದು.”

“ಎಲ್ಲೈತಿ? ಕುರೀನೋ, ಎಮ್ಮೀನೋ?”

“ನಮ್ಮ ಮನ್ಯಾವ್ರರಿ.”

ನೇಮಿನಾಥರು ಕೊಟ್ಟಿಗೆಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಮಲಕಾರಿಯನ್ನು ಆಗ ನೋಡಿದರು. “ಏನ ಯವ್ವಾ, ನನ್ನ ನೌಕರಿ ತಗೀಬೇಕಂತೀಯೇನ? ನಾ ನಾಕ ಕಾಲಿನ ಡಾಕ್ಟರ. ಎರಡ ಕಾಲಿನವ್ರನ್ನ ಮುಟ್ಟಿದ್ರ ಸರ್ಕಾರ ನನ್ನ ಮನಿಗೆ ಕಳಸ್ತೈತಿ.”

“ಮುಟ್ಟಬ್ಯಾಡ್ರಿ. ಆಡಿಗೆ ಕೇಳಿದಂಗ ಕೇಳ್ರಿ ಸಾಕ. ಆರ ತಿಂಗಳಾತು, ನಮ್ಮ ಮನಷ್ಯಾಗ ಯಾರೂ ಇಷ್ಟ ಕೇಳಿಲ್ಲ.”

ಡಾಕ್ಟರು ಸೀಸೆಯನ್ನು ಚೀಲಕ್ಕೆ ಹಾಕಿ ಮೂಲೆಯ ಕಡೆ ತಿರುಗಿದರು. ಜ್ವರ ಎಂದಿನಿಂದ, ಹೇಗೆ ಬರುತ್ತದೆ, ಎಲ್ಲಿ ನೋವು ಎಂದು ಕೇಳಿದರು. ಆಮೇಲೆ, “ಸತ್ತ ಮರಿ ಯಾರ ತಗೀತಾರು?”

“ಇವ್ರರಿ. ಬರಗೈಲೆ.”

“ಹಾಲು?”

“ಹಸೀದ ಕುಡೀತಾರ್ರಿ. ದಿನಾ ಎರಡ ತಂಬಿಗಿ. ಬಾಳಾಸಾಬಣ್ಣಾರು ಹೇಳ್ಯಾರು.”

ನೇಮಿನಾಥರು ಅಲ್ಲೇ ಇದ್ದ ಒರಳುಗಲ್ಲಿನ ಮೇಲೆ ಕುಳಿತುಬಿಟ್ಟರು. “ಇಂವ ಆಡಿನ ಕೂಡ ಮಲಗತಾನು, ಆಡಿನ ಮರಿ ತಗೀತಾನು, ಆಡಿನ ಹಸೀ ಹಾಲ ಕುಡೀತಾನು. ಇಷ್ಟೆಲ್ಲಾ ಮಿರಜೀ ಡಾಕ್ಟರಗ ಹೇಳೀರೇನ?”

“ನಾ ಒಳಗ ಹೋಗಿಲ್ಲರಿ. ಚೀಲ ಕಾಯಾಕ ಕುಂತಿದ್ನಿ.”

ಮೂಲೆಯಿಂದ ಮಲಕಾರಿಯ ದನಿ ಬಂತು. “ನಾ ಬಾಗಾಯತದಾರ ಅಂತ ಹೇಳ್ಯಾರ್ರಿ.”

ನೇಮಿನಾಥರು ನಕ್ಕರು. ನಕ್ಕದ್ದಕ್ಕೆ ತಾವೇ ನಾಚಿಕೊಂಡು ಕಿಸೆಯಿಂದ ಕಾಗದ ತೆಗೆದು ಮಿರಜಿನ ಡಾಕ್ಟರಿಗೆ ಒಂದು ಚೀಟಿ ಬರೆದರು. ಆಡುಗಳು ಕಂದು ಹಾಕುವ ಒಂದು ರೋಗವಿದೆ, ಅದು ಮನುಷ್ಯರಿಗೂ ದಾಟುತ್ತದೆ, ಟಿ.ಬಿ.ಯಂತೆಯೇ ಕಾಡುತ್ತದೆ, ಟಿ.ಬಿ.ಯ ಇಂಜಕ್ಷನ್ನಿಗೆ ಸ್ವಲ್ಪ ದಿನ ತಲೆ ತಗ್ಗಿಸಿ ಮತ್ತೆ ಎತ್ತುತ್ತದೆ ಎಂದು ಬಿಡಿಸಿ ಹೇಳಿದರು. “ಅದ ಐತಿ ಅಂತ ನಾ ಹೇಳಂಗಿಲ್ಲ. ರಕ್ತಾ ನೋಡಿ ಮಿರಜೀ ಡಾಕ್ಟರ ಹೇಳಬೇಕ. ಹೊಸ ಡಾಕ್ಟರನ್ನ ಹುಡುಕಬ್ಯಾಡ್ರಿ, ಅವ್ರ ಹಂತ್ಯಾಕ ಹೋಗ್ರಿ. ಆದ್ರ ಚೀಟಿ ಕೊಡೂಕಿಂತ ಮೊದಲ ಬಾಯ್ಲೆ ಹೇಳ್ರಿ: ನಾವು ಕುರಿ ಕಾಯವ್ರು, ನಮ್ಮ ಆಡ ಕಂದ ಹಾಕಾಕತ್ತಾವು. ಇಷ್ಟ ಹೇಳಿದ್ರ ಸಾಕ. ಮತ್ತ ಆ ಹಸೀ ಹಾಲ, ಇವತ್ತಿನಿಂದ ಬಂದ್.”

ಸುದ್ದಿ ಬಾಳಾಸಾಬರ ಕಿವಿಗೆ ಬೀಳಲು ಒಂದು ತಾಸೂ ಹಿಡಿಯಲಿಲ್ಲ. ಅವರು ಬಂದ ರಭಸಕ್ಕೆ ಕೋಳಿಗಳು ಚದುರಿದವು.

“ಸಾವಕ್ಕ, ದನದ ಡಾಕ್ಟರನ ಚೀಟಿ ತಗೊಂಡ ಮಿರಜಿಗೆ ಹೋಗ್ತೀಯಂತಲ್ಲ? ಹದಿಮೂರ ವರ್ಷದಾಗ ಆ ದವಾಖಾನ್ಯಾಗ ನಾ ಗಳಿಸಿದ ಹೆಸರ ಏನಾಗಬೇಕ? ನಾಳೆ ಅವ್ರು ಬಾಳಾಸಾಬ ಪೇಶಂಟಗೋಳಿಗೆ ಹುಲ್ಲ ತಿನಸ್ತಾನ ಅಂತಾರ!”

“ಅಣ್ಣಾರ, ಆ ಡಾಕ್ಟರ ಆಡಿಗೆ ಇಪ್ಪತ್ತ ಪ್ರಶ್ನೆ ಕೇಳಿದ. ಇವ್ರಿಗೆ ಯಾರ ಕೇಳ್ಯಾರ ಹೇಳ್ರಿ?”

“ಯಾಕ, ಎಲ್ಲಾರೂ ಕೇಳ್ಯಾರ. ನಾ ಎಲ್ಲಾದಕ್ಕೂ ಹೇಳೇನಿ.”

“ಹೌದ್ರಿ, ನೀವ ಹೇಳೀರಿ. ಅದಕ್ಕ ಆ ಔಷಧ ನಿಮಗ ಹತ್ತಬೇಕಾಗಿತ್ತ. ತಪ್ಪಿ ಇವ್ರು ನುಂಗ್ಯಾರ.”

ದುಂಡವ್ವ ಒಳಗಿನಿಂದಲೇ ನಕ್ಕಳು. ಬಾಳಾಸಾಬರು, “ಹಂಗಾದ್ರ ನಾ ಬರೂದಿಲ್ಲ,” ಎಂದು ಟೊಪ್ಪಿಗೆ ಸರಿಮಾಡಿಕೊಂಡು ಹೊರಟರು.

ಮರುದಿನ ಸಾವಕ್ಕ ಗಂಡನನ್ನು ಹೊರಡಿಸಿದಳು. ಕೆಂಪು ಸಾಬೂನಿನ ತಂಟೆಗೆ ಹೋಗಲಿಲ್ಲ. ಅವನ ಕಂಬಳಿ ಅವನ ಹೆಗಲ ಮೇಲೆ, ಅವನ ರುಮಾಲು ಅವನ ತಲೆಯ ಮೇಲೆ. ಚಿಕ್ಕೋಡಿಯಲ್ಲಿ ಮಿರಜಿನ ಬಸ್ಸು ಹತ್ತಿ ನೋಡಿದರೆ ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಒಂದು ಬೆನ್ನು ಕುಳಿತಿತ್ತು. ಕರೋಶಿಯ ಪೇಶಂಟೊಂದು ತಾನಿಲ್ಲದೆ ಮಿರಜಿನ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಬಾಳಾಸಾಬರಿಂದ ಸಹಿಸಲು ಆಗಿರಲಿಲ್ಲ. “ನನಗ ಬ್ಯಾರೆ ಕೆಲಸ ಐತಿ,” ಎಂದು ಕಿಟಕಿಗೆ ಹೇಳಿದರು.

ಆ ಬೇರೆ ಕೆಲಸ ಡಾಕ್ಟರ ಕೋಣೆಯವರೆಗೂ ಬಂತು. ಚೀಟಿ ಬೇಗ ಒಳಗೆ ಹೋಗುವಂತೆ ಮಾಡಿದವರೂ ಅವರೇ. ಹೆಸರು ಕೂಗಿದಾಗ ಅಭ್ಯಾಸಬಲದಿಂದ ಮೊದಲು ಒಳಗೆ ನುಗ್ಗಿದವರೂ ಅವರೇ. ಸಾವಕ್ಕ ಚೀಲವನ್ನು ಬೆಂಚಿನ ಮೇಲಿದ್ದ ಅಪರಿಚಿತ ಹೆಂಗಸಿನ ಮಡಿಲಿಗೆ ಹಾಕಿ, ಗಂಡನ ರಟ್ಟೆ ಹಿಡಿದು ಹಿಂದೆಯೇ ನಡೆದಳು.

ಡಾಕ್ಟರು ಹಳೆಯ ಕಾಗದ ತೆಗೆದು, ರುಮಾಲು ಕಂಬಳಿಯ ಮನುಷ್ಯನನ್ನು ನೋಡಿ, ಮತ್ತೆ ಕಾಗದ ನೋಡಿದರು. ಬೇರೆ ಯಾರದೋ ಕಾಗದ ಬಂದಿದೆ ಎಂದು ಅವರಿಗೆ ಅನ್ನಿಸಿರಬೇಕು.

“ಸಾಹೇಬ, ಹೇ ಬಾಗಾಯತದಾರ...” ಎಂದು ಬಾಳಾಸಾಬರು ಶುರುಮಾಡಿದರು.

“ನಾಹೀ, ಸಾಯೇಬ,” ಎಂದಳು ಸಾವಕ್ಕ.

ಸಾಂಗಲಿಯ ಹೊಲಗಳ ಆಚೆ ದಂಡೆಗೆ ಕೇಳಿಸುವಂತೆ ಪಳಗಿದ ದನಿ ಅದು. ಪಕ್ಕದ ಕೋಣೆಯ ನರ್ಸು ಇಣುಕಿ ನೋಡಿದಳು. “ಆಮೀ ಮೇಂಢರಂ ರಾಖತೋ. ಶೇಳ್ಯಾನೀ ಗಾಭ ಟಾಕಲಾಯ.” ನಾವು ಕುರಿ ಕಾಯುವವರು, ನಮ್ಮ ಆಡುಗಳು ಕಂದು ಹಾಕುತ್ತಿವೆ. ಅಲ್ಲಿಗೆ ನಿಲ್ಲಿಸಲಿಲ್ಲ. ಬರಿಗೈ, ಕೊಟ್ಟಿಗೆ, ಎರಡು ತಂಬಿಗೆ ಹಸಿ ಹಾಲು, ಇಂಜಕ್ಷನ್ ಇದ್ದಾಗ ಇಳಿದು ಮುಗಿದ ಮೇಲೆ ಏರಿದ ಜ್ವರ, ಒಂದನ್ನೂ ಬಿಡದೆ ಮರಾಠಿಯಲ್ಲಿ ಹೇಳಿದಳು. ಬಾಳಾಸಾಬರ ಬಾಯಿ ತೆರೆದೇ ಇತ್ತು. ಹದಿಮೂರು ವರ್ಷದಲ್ಲಿ ಮೊದಲ ಸಲ ಅದರಿಂದ ಏನೂ ಬರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಮಗ ಊಸ?” ಎಂದರು. ಹಾಗಾದರೆ ಕಬ್ಬು?

ಸಾವಕ್ಕ ಬಾಳಾಸಾಬರ ಕಡೆ ಬೆರಳು ಮಾಡಿ, ಕಬ್ಬು ಇವರದು ಎಂದಳು.

ಡಾಕ್ಟರು ನಗಲಿಲ್ಲ. ಎದ್ದು ಬಂದು ಮಲಕಾರಿಯ ಬೆನ್ನನ್ನು ಒಂದೊಂದೇ ಎಲುಬು ಒತ್ತಿ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಸಾವಕ್ಕ ಕೊಟ್ಟ ಚೀಟಿಯನ್ನು ಎರಡು ಸಲ ಓದಿ, ಬರೆದವರು ಯಾರು ಎಂದು ಕೇಳಿದರು. ದನದ ಡಾಕ್ಟರು ಎಂದು ತಿಳಿದಾಗ, ಅವರಿಗೆ ನನ್ನ ನಮಸ್ಕಾರ ಹೇಳಿ ಎಂದರು. ಆಮೇಲೆ ಹಳೆಯ ಕಾಗದದ ಮೇಲಿನ ಕಬ್ಬನ್ನು ಹೊಡೆದುಹಾಕಿ ಕುರಿ ಬರೆದರು. ಸರಿಯಾದ ಡಾಕ್ಟರು ಮೊದಲೇ ಸಿಕ್ಕಿದ್ದರು. ಸರಿಯಾದ ಪೇಶಂಟು ಮಾತ್ರ ಅಂದು ಬಂದಿದ್ದ.

ರಕ್ತ ಪರೀಕ್ಷೆಗೆ ಹೋಗಿ ನಾಲ್ಕನೆಯ ದಿನ ಉತ್ತರ ಬಂತು. ನೇಮಿನಾಥರ ಊಹೆಯೇ ನಿಜವಾಗಿತ್ತು. ಬ್ರುಸೆಲ್ಲೋಸಿಸ್ ಎಂದರು ಡಾಕ್ಟರು. ಎದೆಯ ಕಲೆ ಬೀಡಿಯದೋ ಹಳೆಯ ಕೆಮ್ಮಿನದೋ ಇರಬೇಕು, ಅದರ ಮೇಲೆ ಕಣ್ಣಿಟ್ಟಿರುತ್ತೇನೆ, ಟಿ.ಬಿ.ಯ ಗುಳಿಗೆ ಸಾಕು ಎಂದರು. ಆರು ವಾರದ ಹೊಸ ಔಷಧ ಬರೆದರು. ಮನೆಯವರೆಲ್ಲರ ರಕ್ತವನ್ನೂ ನೋಡಿಸಿದರು. ಬೇರೆ ಯಾರಿಗೂ ತಗಲಿರಲಿಲ್ಲ.

ರೋಗದ ಹೆಸರು ಗೊತ್ತಾದ ಮೇಲೆ ಸಾವಕ್ಕ ಅದರ ಜೊತೆ ಸಾಂಗಲಿಯ ರೈತರ ಜೊತೆ ನಡೆದುಕೊಂಡಂತೆಯೇ ನಡೆದುಕೊಂಡಳು. ದಸರೆಯ ಮರುದಿನ ರಾಯಬಾಗದ ಗಿರಾಕಿ ಬಂದಾಗ, “ಕುರಿ ಮಾರೂದಿಲ್ಲ, ಚಹಾ ಕುಡದ ಹೋಗ್ರಿ,” ಎಂದಳು. ರೋಗವಿದ್ದ ಆಡುಗಳನ್ನು ನೇಮಿನಾಥರು ಹೇಳಿದಂತೆ ಬೇರೆ ಮಾಡಿದಳು. ಮತ್ತೊಬ್ಬರ ಮನೆಗೆ ರೋಗ ದಾಟಿಸಬಾರದೆಂದು ಯಾರಿಗೂ ಮಾರಲಿಲ್ಲ. ಬಿದ್ದ ಮರಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳತೊಡಗಿದಳು. ಎಲ್ಲಕ್ಕಿಂತ ಕಷ್ಟವಾದದ್ದು ದುಂಡವ್ವನ ಮುಂದೆ ಹಾಲು ಕಾಸುವುದು.

“ಆಡಿನ ಹಾಲ ಕಾಸೂದಂದ್ರ ಏನ ಬೇ? ನನ್ನ ಮಾವಾ ಎಂಬತ್ತ ವರ್ಷ ಹಸೀದ ಕುಡದ!”

“ಅವ್ರ ಆಡ ಅಥಣೀ ಕಡೆಯಿಂದ ಬಂದಿದ್ದಿಲ್ಲ, ಅತ್ತಿ. ಕುಡದ್ರ ಕುಡಿ, ಇಲ್ಲಂದ್ರ ಬೆಕ್ಕಿಗೆ ಹಾಕ್ತೀನಿ, ಅದಕ್ಕೂ ಕಾಸೀನ ಹಾಕ್ತೀನಿ.”

ಮೂರನೆಯ ವಾರಕ್ಕೆ ಮಲಕಾರಿಯ ಸಂಜೆಗಳು ತಣ್ಣಗಾದವು. ಐದನೆಯ ವಾರ ಕೋಲು ಇಲ್ಲದೆ ಬೇವಿನ ಗಿಡ ದಾಟಿ ಹಳ್ಳದವರೆಗೆ ಹೋಗಿ ಬಂದ. ಮನೆಯೊಳಗೆ ಮಲಗತೊಡಗಿದ. ಬಾಳಾಸಾಬರು ಎಂಟು ದಿನ ಕಬ್ಬಿನ ಕೆಲಸ ಜಾಸ್ತಿಯಿದೆ ಎಂದು ಆ ಓಣಿಗೆ ಬರಲಿಲ್ಲ. ಒಂಬತ್ತನೆಯ ದಿನ ಬಂದು, ಆರು ವಾರ ಮುಗಿದ ಮೇಲೆ ತೋರಿಸಲು ಹೋಗುವಾಗ ತಾವೂ ಬರಬಹುದೇ ಎಂದು ಕೇಳಿದರು. ಕೇಳಿ ಬರುವುದು ಅವರಿಗೆ ಹೊಸದು. ಹೇಗೆ ನಿಲ್ಲಬೇಕೆಂದು ತಿಳಿಯದೆ ಒಂದು ಪೆನ್ನನ್ನು ತೆಗೆದು ಮತ್ತೆ ಸಿಕ್ಕಿಸಿದರು.

“ಬರ್ರಿ ಅಣ್ಣಾರ. ಚೀಟಿ ಕಿಂಡ್ಯಾಗ ಗುದ್ದ್ಯಾಡಾಕ ನಿಮ್ಮಂಗ ಯಾರಿಗೆ ಬರತೈತಿ?” ಎಂದಳು ಸಾವಕ್ಕ. ಇದು ಚೇಷ್ಟೆಯಲ್ಲ, ನಿಜ.

ಹೀಗೆ ಮೂವರೂ ಮತ್ತೆ ಆ ಕೋಣೆಯಲ್ಲಿ ಕುಳಿತರು. ಮೂವರಿಗೂ ಕುರ್ಚಿ ಇತ್ತು. ಡಾಕ್ಟರು ಮಲಕಾರಿಯ ಬೆನ್ನು, ಹೊಟ್ಟೆ, ನಾಡಿ ನೋಡಿ ತೃಪ್ತರಾದರು. ಈಗ ಹೇಗನ್ನಿಸುತ್ತದೆ ಎಂದು ಕೇಳಿದರು. ಬಾಳಾಸಾಬರು ತುಟಿ ಬಿಗಿಹಿಡಿದರು. ಸಾವಕ್ಕನೂ ಸುಮ್ಮನಿದ್ದಳು, ಪ್ರಶ್ನೆ ತನ್ನದಲ್ಲ ಎಂಬುದು ಅವಳಿಗೆ ತಿಳಿದಿತ್ತು.

ಮಲಕಾರಿ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಹೇಳ್ತೀನ್ರಿ,” ಎಂದ.

ಮತ್ತು ಹೇಳಿದ. ಜ್ವರ ಮೊದಲು ಬಂದ ಸಂಜೆಯಿಂದ ಹಿಡಿದು, ಚಿಕ್ಕೋಡಿಯ ಗಂಜಿ, ನಿಪ್ಪಾಣಿಯ ಗುಳಿಗೆ, ಕಿವಿಯ ಗುಂಯ್ಗುಡಿತ, ಕೊಟ್ಟಿಗೆಯಲ್ಲಿ ಮಕ್ಕಳ ದನಿ ಕೇಳುತ್ತ ಒಬ್ಬನೇ ಮಲಗಿದ್ದು, ಹಿಂಡು ಮಾರಬೇಕೆಂದು ಒಪ್ಪಿಕೊಂಡ ದಿನ ಯಾವ ಕುರಿ ಯಾವ ಕಡೆ ಮುಖ ಮಾಡಿ ಮಲಗಿ ಮೆಲುಕು ಹಾಕುತ್ತಿತ್ತು ಎಂಬುದು, ಎಲ್ಲ. ಕನ್ನಡದಲ್ಲೇ. ಡಾಕ್ಟರಿಗೆ ಒಂದಕ್ಷರ ಅರ್ಥವಾಗದಿದ್ದರೂ ಅವರು ಗಡಿಯಾರ ನೋಡಲಿಲ್ಲ. ಬಾಳಾಸಾಬರ ಕಡೆ ತಿರುಗಿ, ಹೇಳಿ, ಇವರೇನು ಹೇಳುತ್ತಿದ್ದಾರೆ ಎಂದರು.

ಬಾಳಾಸಾಬರು ಮರಾಠಿಯಲ್ಲಿ ಹೇಳತೊಡಗಿದರು. ಗಂಜಿ ಹೇಳಿದರು, ಗುಳಿಗೆ ಹೇಳಿದರು. ಮಲಕಾರಿ ಮುಂದುವರಿಸಿದ.

“ಮತ್ತ ಇವ್ರು ನಮ್ಮ ಬಾಳಾಸಾಬಣ್ಣಾರು, ಬಂಗಾರದಂಥ ಮನಷ್ಯಾರು. ಆದ್ರ ಮಾತಿನ ಖಬರ ಇರೂದಿಲ್ಲ. ನನ್ನ ಸೊಂಟದ ನೋವಿಗೆ ತಮ್ಮ ಹೊಟ್ಟಿ ಮುಟ್ಟಿ ತೋರಸ್ತಾರು. ನನಗ ಇಲ್ಲದ ಕಬ್ಬ ಹಚ್ಚಿ ಆರ ತಿಂಗಳ ಮಲಗಿಸ್ಯಾರು.”

ಬಾಳಾಸಾಬರು ಕೆಮ್ಮಿದರು. ಪೇಶಂಟು ಈಗ ಗುಣವಾಗಿದೆ ಎನ್ನುತ್ತಾನೆ ಎಂದು ಮರಾಠಿಯಲ್ಲಿ ಹೇಳಿ ಕೈ ಮುಗಿದರು.

“ಅಣ್ಣಾರ,” ಎಂದಳು ಸಾವಕ್ಕ ಮೆಲ್ಲಗೆ, “ನಡುವ ನಾಕ ಮಾತ ಬಿಟ್ಟ್ರಿ.”

ಬಾಳಾಸಾಬರು ಅವಳನ್ನು ನೋಡಿದರು, ಮಲಕಾರಿಯನ್ನು ನೋಡಿದರು, ಕಾಯುತ್ತಿದ್ದ ಡಾಕ್ಟರನ್ನು ನೋಡಿದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗಾಗಿ, ಗಂಟಲು ಸರಿಮಾಡಿಕೊಂಡು, ಬಂಗಾರದಂಥ ಮನುಷ್ಯ ಎಂಬಲ್ಲಿಂದ ಶುರುಮಾಡಿ, ಹೊಟ್ಟೆ, ಕಬ್ಬು, ಆರು ತಿಂಗಳು ಒಂದನ್ನೂ ಬಿಡದೆ, ಶುದ್ಧ ಮರಾಠಿಯಲ್ಲಿ ಡಾಕ್ಟರಿಗೆ ಹೇಳಿದರು. ಹೇಳಿ ಮುಗಿಸಿ ಮಲಕಾರಿಯ ಕಡೆ ತಿರುಗಿ, “ಮುಂದ ಹೇಳಪಾ,” ಎಂದರು.

“ಹೇಳ್ತೀನ್ರಿ,” ಎಂದ ಮಲಕಾರಿ. “ಇನ್ನ ಬಾಳ ಐತಿ.”